ಹೋಗಿ ಬರುವ ನೆಟ್: ಕಡಿಯುವ ಹೊತ್ತೇ ಹೇಳುವ ಕಾರಣ

ಕೇಬಲ್ ಮೋಡೆಮ್‌ನ ಸಂಪರ್ಕ ಪೂರ್ತಿ ಸತ್ತುಹೋದರೆ ದುರಸ್ತಿ ಕಷ್ಟವಲ್ಲ. ಕೇಬಲ್‌ನವರು ಬಂದಾಗಲೂ ಅದು ಸತ್ತೇ ಇರುತ್ತದೆ. ಹೋಗಿ ಬಂದು ಮಾಡುವ ಸಂಪರ್ಕದ್ದೇ ತಲೆನೋವು. ಹುಡುಗ ಏಣಿ ಹೊತ್ತು ಬರುವಷ್ಟರಲ್ಲಿ ದೀಪಗಳೆಲ್ಲ ಹಸಿರಾಗಿರುತ್ತವೆ. ಅವನು ಡಬ್ಬಿಯನ್ನು ಒಮ್ಮೆ ಆರಿಸಿ ಹಚ್ಚಿ, ‘ಈಗ ಬಂತಲ್ಲ’ ಎಂದು ಹೊರಟುಹೋಗುತ್ತಾನೆ. ಇಂಥ ದೋಷ ಸಿಕ್ಕಿಬೀಳುವುದು ಬರೆದಿಟ್ಟ ಚೀಟಿಯಲ್ಲಿ: ಎಷ್ಟು ಗಂಟೆಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಆಗ ಯಾವ ದೀಪ ಹೇಗಿತ್ತು, ಕರೆಂಟ್ ಇತ್ತೇ, ಬಿಸಿಲೋ ಮಳೆಯೋ. ಒಂದು ವಾರ ಹೀಗೆ ಗುರುತು ಹಾಕಿದರೆ ಕಾರಣ ಬಹಳ ಸಲ ತಾನಾಗಿಯೇ ಎದ್ದು ಕಾಣುತ್ತದೆ.

ಮೊದಲು ಮನೆಗೆ ಬಂದಿರುವುದು ಯಾವ ವೈರು ಎಂದು ನೋಡಿಕೊಳ್ಳಬೇಕು. ಟಿವಿಗೆ ಬರುವಂಥ ದಪ್ಪ ವೈರು ತಿರುಪಿನ ಪಿನ್ನಿನ ಮೂಲಕ ಡಬ್ಬಿಗೆ ಸೇರಿದ್ದರೆ ಅದು ನಿಜವಾದ ಕೇಬಲ್ ಮೋಡೆಮ್. ಟಿವಿ ವಾಹಿನಿಗಳು ಹರಿಯುವ ಕೋಆಕ್ಸಿಯಲ್ ವೈರಿನಲ್ಲೇ ಇಂಟರ್ನೆಟ್ಟನ್ನೂ ಸಾಗಿಸುವ ಡಾಕ್ಸಿಸ್ ಎಂಬ ಮಾನದಂಡ 1997ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ತೆಳ್ಳನೆಯ ವೈರು, ತುದಿಯಲ್ಲಿ ಹಸಿರು ಇಲ್ಲವೇ ನೀಲಿ ಪ್ಲಾಸ್ಟಿಕ್ ಪಿನ್ ಇದ್ದರೆ ಅದು ಫೈಬರ್. ಆ ಡಬ್ಬಿಯ ಹೆಸರು ಒಎನ್‌ಯು ಅಥವಾ ಒಎನ್‌ಟಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಈಗ ಹೊಸದಾಗಿ ಹಾಕಿಸುವ ಸಂಪರ್ಕ ಹೆಚ್ಚಾಗಿ ಫೈಬರೇ, ತಂದುಕೊಡುವವರು ಎಷ್ಟೋ ಕಡೆ ಹಳೆಯ ಕೇಬಲ್ ಟಿವಿಯವರೇ. ಮನೆಮಂದಿಯ ಬಾಯಲ್ಲಿ ಎರಡೂ ಮೋಡೆಮ್ಮೇ. ಸಂಪರ್ಕ ಕಡಿಯುವ ಕಾರಣಗಳಲ್ಲಿ ಹಲವು ಎರಡಕ್ಕೂ ಒಂದೇ.

ಅವುಗಳಲ್ಲಿ ಮೊದಲನೆಯದು ಕರೆಂಟ್. ಡಬ್ಬಿಯ ದೀಪಗಳೆಲ್ಲ ಒಟ್ಟಿಗೆ ಆರಿ, ಮತ್ತೆ ಒಂದೊಂದಾಗಿ ಹತ್ತಿಕೊಂಡರೆ ಸಿಗ್ನಲ್ಲಿನ ತಂಟೆ ಅಲ್ಲವೆಂದೇ ತಿಳಿಯಬೇಕು. ಡಬ್ಬಿ ಬಿದ್ದು ಎದ್ದಿದೆ. ಬಹುಪಾಲು ಡಬ್ಬಿಗಳು 12 ವೋಲ್ಟಿನ ಪುಟ್ಟ ಅಡಾಪ್ಟರಿನ ಮೇಲೆ ನಡೆಯುತ್ತವೆ. ಅದರೊಳಗಿನ ಕೆಪಾಸಿಟರುಗಳು ವರ್ಷಗಟ್ಟಲೆ ಬಿಸಿ ತಿಂದು ಒಣಗುತ್ತವೆ. ಆಮೇಲೆ ಡಬ್ಬಿಗೆ ಕೆಲಸ ಕಡಿಮೆ ಇದ್ದಾಗ ಎಲ್ಲವೂ ಸರಿ, ನಾಲ್ಕು ಫೋನುಗಳು ಒಟ್ಟಿಗೆ ವಿಡಿಯೋ ನೋಡಿದ ಕೂಡಲೇ ವೋಲ್ಟೇಜ್ ಕುಸಿದು ಡಬ್ಬಿ ಮರುಹುಟ್ಟು ಪಡೆಯುತ್ತದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಅಳತೆಯ ಪಿನ್ನಿನ ಬೇರೆ ಅಡಾಪ್ಟರ್ ಹಾಕಿ ನೋಡುವುದು ಇದಕ್ಕೆ ಅತಿ ಅಗ್ಗದ ಪರೀಕ್ಷೆ.

ಮನೆಯಲ್ಲಿ ಇನ್ವರ್ಟರ್ ಇದ್ದೂ ಜೆಸ್ಕಾಂ ಕರೆಂಟ್ ಹೋದಾಗಲೆಲ್ಲ ನೆಟ್ ಎರಡು ಮೂರು ನಿಮಿಷ ಹೋಗುತ್ತಿದ್ದರೆ ಇನ್ವರ್ಟರಿನ ಹಿಂಬದಿಯ ಗುಂಡಿ ನೋಡಬೇಕು. ಸಾಮಾನ್ಯ ಮೋಡಿನಲ್ಲಿ ಬ್ಯಾಟರಿಗೆ ಹೊರಳುವ ಕ್ಷಣದ ಸಂದು ಫ್ಯಾನಿಗೆ ತಿಳಿಯುವುದಿಲ್ಲ, ಮೋಡೆಮ್‌ಗೆ ತಿಳಿಯುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಸಂದು ಕಿರಿದಾಗುತ್ತದೆ. ಅಡಾಪ್ಟರ್ ಮತ್ತು ಡಬ್ಬಿಯ ನಡುವೆ ಕೂರುವ 12 ವೋಲ್ಟಿನ ಚಿಕ್ಕ ಬ್ಯಾಟರಿಗಳೂ ಪೇಟೆಯಲ್ಲಿ ಸಿಗುತ್ತವೆ. ಆದರೆ ಮನೆಯ ಬ್ಯಾಟರಿ ಎಷ್ಟೇ ಗಟ್ಟಿಯಾಗಿದ್ದರೂ ಬೀದಿಯ ಉಪಕರಣಕ್ಕೂ ಕರೆಂಟ್ ಬೇಕಲ್ಲ. ಕೋಆಕ್ಸಿಯಲ್ ಸಾಲಿನ ಆಂಪ್ಲಿಫೈಯರ್, ಕೆಲವೆಡೆ ಸ್ವಿಚ್ಚಿನ ಪೆಟ್ಟಿಗೆ, ಯಾವುದೋ ಮನೆಯ ಅಥವಾ ಅಂಗಡಿಯ ಮೀಟರಿನಿಂದ ಕರೆಂಟ್ ಪಡೆದಿರುತ್ತದೆ. ಆ ಅಂಗಡಿಯವರು ರಾತ್ರಿ ಮೇನ್ ಸ್ವಿಚ್ ಆರಿಸಿ ಬಾಗಿಲೆಳೆದರೆ ಬೀದಿಗೆಲ್ಲ ನೆಟ್ ಹೋಯಿತು. ದಿನವೂ ಅದೇ ಹೊತ್ತಿಗೆ ಹೋಗಿ ಬೆಳಿಗ್ಗೆ ಅದೇ ಹೊತ್ತಿಗೆ ಬರುವ ಸಂಪರ್ಕದ ಗುಟ್ಟು ಹಲವು ಸಲ ಇಷ್ಟೇ. ಪಕ್ಕದ ಮನೆಯಲ್ಲೂ ಆಗಲೇ ಹೋಗುತ್ತದೆಯೇ ಎಂದು ಕೇಳಿದರೆ ಸಾಕು, ದೋಷ ಮನೆಯೊಳಗಿನದೋ ಬೀದಿಯದೋ ತಿಳಿಯುತ್ತದೆ.

ಎರಡನೆಯದು ಬಿಸಿಲು. ಬಳ್ಳಾರಿ ಸೀಮೆಯ ಮಟ್ಟಿಗೆ ಇದನ್ನೇ ಮೊದಲು ಶಂಕಿಸಿದರೂ ತಪ್ಪಲ್ಲ. ಮನೆಬಳಕೆಯ ಮೋಡೆಮ್, ರೌಟರುಗಳ ಕೈಪಿಡಿಯಲ್ಲಿ ಕೆಲಸದ ಉಷ್ಣಾಂಶ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಹೊರಗಿನ ನೆರಳೇ 40 ದಾಟುತ್ತದೆ. ತಗಡಿನ ಸೂರಿನ ಕೆಳಗೆ, ಗೋಡೆಯ ಎತ್ತರದಲ್ಲಿ ಮೊಳೆಗೆ ನೇತುಹಾಕಿದ ಡಬ್ಬಿಯ ಸುತ್ತ ಇನ್ನೂ ಹೆಚ್ಚು. ಅದರ ಮೇಲೆ ಡಬ್ಬಿಯದೇ ಶಾಖ. ತಯಾರಕರು ಎಣಿಸಿದ ಬೇಸಿಗೆ ಬೇರೆ, ಸಿರುಗುಪ್ಪದ ಬೇಸಿಗೆ ಬೇರೆ. ಒಳಗಿನ ಚಿಪ್ ಕಾದು ತಪ್ಪು ಲೆಕ್ಕ ಮಾಡುತ್ತದೆ, ಅಥವಾ ತಾನೇ ನಿಂತು ಮತ್ತೆ ಶುರುವಾಗುತ್ತದೆ. ಮಧ್ಯಾಹ್ನ ಒಂದರಿಂದ ಐದರವರೆಗೆ ಪದೇ ಪದೇ ಹೋಗಿ, ರಾತ್ರಿ ಹತ್ತರ ಮೇಲೆ ಚೆನ್ನಾಗಿರುವ ಸಂಪರ್ಕದ ಲಕ್ಷಣ ಇದು. ಸೆಟ್‌ಟಾಪ್ ಬಾಕ್ಸಿನ ಬೆನ್ನ ಮೇಲೆ, ಟಿವಿಯ ಹಿಂದೆ, ಬಾಗಿಲು ಹಾಕಿದ ಶೋಕೇಸಿನಲ್ಲಿ, ಕಸೂತಿ ಬಟ್ಟೆ ಹೊದಿಸಿ ಇಟ್ಟ ಡಬ್ಬಿಯನ್ನು ಎತ್ತಿ ಗಾಳಿಯಾಡುವ ಕಡೆ ನಿಲ್ಲಿಸಬೇಕು. ಗಾಳಿಕಿಂಡಿಯ ಧೂಳನ್ನು ಒಣ ಬ್ರಶ್ಶಿನಿಂದ ತೆಗೆಯಬೇಕು. ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಈ ಕೆಲಸ ಬೇಗ ಬೇಗ ಬೇಕಾಗುತ್ತದೆ. ಎರಡು ದಿನ ಮಧ್ಯಾಹ್ನ ಡಬ್ಬಿಯ ಮುಂದೆ ಟೇಬಲ್ ಫ್ಯಾನ್ ಇಟ್ಟು ನೋಡಿದರೆ ಅನುಮಾನ ತೀರುತ್ತದೆ.

ಬಿಸಿಲು ವೈರನ್ನೂ ಬಿಡುವುದಿಲ್ಲ. ತಾಮ್ರ ಕಾದಂತೆ ಅದರ ಪ್ರತಿರೋಧ ಏರುತ್ತದೆ. ಕೋಆಕ್ಸಿಯಲ್ ವೈರಿನಲ್ಲಿ ಸಿಗ್ನಲ್ಲಿನ ನಷ್ಟ ಪ್ರತಿ ಡಿಗ್ರಿಗೆ ಸುಮಾರು ಶೇ. 0.2ರಷ್ಟು ಹೆಚ್ಚುತ್ತದೆ. ಸರಿಯಾಗಿ ಎಳೆದ ಸಾಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಆಂಪ್ಲಿಫೈಯರ್ ಸರಿದೂಗಿಸುತ್ತದೆ. ಸಿಗ್ನಲ್ ಮೊದಲೇ ಅಂಚಿನಲ್ಲಿದ್ದ ಮನೆಗೆ ಮಾತ್ರ ಅಷ್ಟೇ ಸಾಕು ಬೀಳಲು. ಮಾಳಿಗೆಯ ಮೇಲೆ ಹಗಲು ಹಿಗ್ಗಿ ರಾತ್ರಿ ಕುಗ್ಗುವ ವೈರು ಸಡಿಲ ಪಿನ್ನನ್ನು ನಿಧಾನಕ್ಕೆ ಹೊರಗೆ ಜಗ್ಗುತ್ತದೆ.

ಕೋಆಕ್ಸಿಯಲ್ ಸಂಪರ್ಕವಿರುವ ಮನೆಯಲ್ಲಿ ಅಸಲು ಹುಡುಕಾಟ ಈ ಪಿನ್ನುಗಳಲ್ಲಿ. ವೈರಿನ ನಡುವೆ ತಾಮ್ರದ ಲೇಪದ ಒಂದು ತಂತಿ, ಅದರ ಸುತ್ತ ಬಿಳಿ ಫೋಮ್, ಅದರ ಮೇಲೆ ಹಾಳೆ ಮತ್ತು ಜಾಲರಿ. ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೆ, ತಂತಿ ಗಿಡ್ಡವಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ವೈರು ಗಾಳಿಗೆ ಅಲ್ಲಾಡಿದರೂ ಸಾಕು, ಸಂಪರ್ಕ ಹೋಗುತ್ತದೆ. ಪಿನ್ನುಗಳನ್ನು ಕೈಯಿಂದ ಬಿಗಿಯಾಗಿ ತಿರುಗಿಸಿ ನೋಡುವುದು ಯಾರಾದರೂ ಮಾಡಬಹುದಾದ ಕೆಲಸ. ಮಳೆ ಬಂದ ಮರುದಿನ ಶುರುವಾಗಿ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ತಾನಾಗಿ ಸರಿಹೋಗುವ ತೊಂದರೆಗೆ ಕಾರಣ ಹೊರಗಿನ ಜಾಯಿಂಟಿನೊಳಗೆ ಇಳಿದ ನೀರು. ಈ ಸೀಮೆಯಲ್ಲಿ ಮಳೆ ಹೆಚ್ಚು ಬೀಳುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಂಥ ದೂರು ಬಂದರೆ ಆಶ್ಚರ್ಯವಿಲ್ಲ. ಟೇಪು ಸುತ್ತಿದ ಜಾಯಿಂಟ್ ತೆಗೆಸಿ ಹೊಸ ಪಿನ್ ಹಾಕಿಸಬೇಕು. ಮನೆಗೆ ಇಳಿಯುವ ಮೊದಲು ವೈರು ಒಂದು ಬಾಗು ತೆಗೆದುಕೊಂಡು ಕೆಳಗೆ ಜೋತಿರಬೇಕು, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇನ್ನೊಂದು ಕಳ್ಳ ಸ್ಪ್ಲಿಟರ್. ಒಂದೇ ವೈರನ್ನು ಎರಡು ಟಿವಿ, ಒಂದು ಮೋಡೆಮ್‌ಗೆ ಹಂಚುವ ಈ ತುಂಡು ಪುಕ್ಕಟೆಯಾಗಿ ಕೆಲಸ ಮಾಡುವುದಿಲ್ಲ. ಎರಡಾಗಿ ಸೀಳಿದರೆ ಸುಮಾರು 3.5 ಡೆಸಿಬೆಲ್, ನಾಲ್ಕಾಗಿ ಸೀಳಿದರೆ ಸುಮಾರು 7 ಡೆಸಿಬೆಲ್ ನಷ್ಟ. 3 ಡೆಸಿಬೆಲ್ ಹೋಯಿತೆಂದರೆ ಶಕ್ತಿ ಅರ್ಧವಾಯಿತು ಎಂದರ್ಥ. ತುಂಗಭದ್ರಾ ಕಾಲುವೆಯ ಕೊನೆಯ ಹೊಲಕ್ಕೆ ನೀರಿನ ಲೆಕ್ಕ ಹೇಗೋ ಸಾಲಿನ ಕೊನೆಯ ಮನೆಗೆ ಸಿಗ್ನಲ್ಲಿನ ಲೆಕ್ಕವೂ ಹಾಗೆ. ಕನ್ನಡ, ತೆಲುಗು ಎರಡೂ ವಾಹಿನಿಗಳು ಚೆನ್ನಾಗಿ ಬರಲಿ ಎಂದು ಹಿಂದೆಂದೋ ಹಾಕಿಸಿದ ಟಿವಿ ಬೂಸ್ಟರ್ ಇದ್ದರಂತೂ ಅದು ಇಂಟರ್ನೆಟ್ಟಿಗೆ ಶತ್ರು. ಅಂಥ ಬೂಸ್ಟರುಗಳು ಒಳಬರುವ ಸಿಗ್ನಲ್ಲನ್ನು ಹಿಗ್ಗಿಸುತ್ತವೆ, ಮೋಡೆಮ್‌ನಿಂದ ಹೊರಹೋಗುವ ಸಿಗ್ನಲ್ಲನ್ನು ಅಡ್ಡಗಟ್ಟುತ್ತವೆ. ಬೀದಿಯಿಂದ ಬಂದ ವೈರನ್ನು ಸ್ಪ್ಲಿಟರ್, ಬೂಸ್ಟರ್ ಯಾವುದೂ ಇಲ್ಲದೆ ನೇರ ಮೋಡೆಮ್‌ಗೆ ಕೊಟ್ಟು ಒಂದು ದಿನ ಬಿಟ್ಟು ನೋಡಬೇಕು. ಆಗ ಕಡಿಯುವುದು ನಿಂತರೆ ದೋಷ ಮನೆಯೊಳಗಿನದು.

ಹೊರಹೋಗುವ ಸಿಗ್ನಲ್ ಯಾವತ್ತೂ ಸೂಕ್ಷ್ಮ. ಅದು 5 ಮೆಗಾಹರ್ಟ್ಸಿನಿಂದ ಮೇಲೆ, ಕೆಳಗಿನ ಆವರ್ತನಗಳಲ್ಲಿ ಹೋಗುತ್ತದೆ. ಮೋಟಾರುಗಳು, ಅಗ್ಗದ ಎಲ್‌ಇಡಿ ದೀಪಗಳು ಉಗುಳುವ ಗದ್ದಲವೂ ಅಲ್ಲೇ. ಸಡಿಲ ಪಿನ್ನಿನಿಂದ ಒಳನುಗ್ಗಿದ ಗದ್ದಲ ಬೀದಿಯ ಎಲ್ಲ ಮನೆಗಳಿಂದಲೂ ಒಂದೇ ಸಾಲಿಗೆ ಹರಿದು ಸೇರುವುದರಿಂದ ಒಬ್ಬರ ಮನೆಯ ಕೆಟ್ಟ ಜಾಯಿಂಟ್ ಹತ್ತು ಮನೆಯ ನೆಟ್ ಕೆಡಿಸಬಲ್ಲದು. ಜೀನ್ಸ್ ಹೊಲಿಯುವ ಯಂತ್ರಗಳು ಮನೆಗಳ ನಡುವೆಯೇ ಓಡುವ ಬಳ್ಳಾರಿಯ ಬೀದಿಗಳಲ್ಲಿ ಮೋಟಾರುಗಳಿಗೇನು ಕೊರತೆ? ಬಹಳಷ್ಟು ಕೇಬಲ್ ಮೋಡೆಮ್‌ಗಳು ಬ್ರೌಸರಿನಲ್ಲಿ 192.168.100.1 ಎಂಬ ವಿಳಾಸದ ಪುಟದಲ್ಲಿ ತಮ್ಮ ಸ್ಥಿತಿಯನ್ನು ತೋರಿಸುತ್ತವೆ. ಒಳಬರುವ ಮಟ್ಟ -7ರಿಂದ +7 ಡಿಬಿಎಂವಿ ಒಳಗಿದ್ದರೆ ಚೆನ್ನ, -15 ಮತ್ತು +15 ಕಡೆಯ ಗಡಿ. ಹೊರಹೋಗುವ ಮಟ್ಟ 50 ದಾಟುತ್ತಿದ್ದರೆ ಮೋಡೆಮ್ ಕಿರುಚಿ ಕಿರುಚಿ ಮಾತಾಡುತ್ತಿದೆ ಎಂದು ತಿಳಿಯಬೇಕು. ಅದೇ ಪುಟದ ದಾಖಲೆಯಲ್ಲಿ ಟಿ3, ಟಿ4 ಎಂಬ ಸಾಲುಗಳು ಮತ್ತೆ ಮತ್ತೆ ಬಂದರೆ, ಮೋಡೆಮ್ ಕರೆದರೂ ಆಚೆಯಿಂದ ಉತ್ತರ ಬರುತ್ತಿಲ್ಲ. ಈ ಪುಟದ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಫೈಬರಿನ ಎಳೆಗೆ ತುಕ್ಕು, ಮೋಟಾರು, ಸಿಡಿಲಿನ ಕಾಟ ಇಲ್ಲ; ಅದರ ರೋಗಗಳು ಬೇರೆ. ಡಬ್ಬಿಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ: ರಸ್ತೆ ಅಗೆಯುವಾಗಲೋ, ಎತ್ತರದ ಲೋಡಿನ ಟ್ರಾಕ್ಟರ್ ತಗುಲಿಯೋ ಫೈಬರ್ ತುಂಡಾಗಿದೆ, ಅಥವಾ ಅಳಿಲೋ ಇಲಿಯೋ ಕಡಿದಿದೆ. ಇದಕ್ಕೆ ಸ್ಪ್ಲೈಸಿಂಗ್ ಯಂತ್ರ ಇರುವವರೇ ಬೇಕು. ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಬಂದು ಹೋದರೆ ಬೆಳಕು ಅಂಚಿನಲ್ಲಿದೆ. ಜಿಪಾನ್ ಎಂಬ ಬಗೆಯಲ್ಲಿ ಮನೆಯ ಡಬ್ಬಿಗೆ ಸಾಮಾನ್ಯವಾಗಿ -27 ಡಿಬಿಎಂ ತನಕ ನಡೆದೀತು. -25 ದಾಟಿದ್ದರೆ ಈಗಲೇ ಹೇಳಿ ಸರಿಪಡಿಸಿಕೊಳ್ಳಬೇಕು. ಕೇಬಲ್‌ನವರ ಕೈಯಲ್ಲಿರುವ ಪವರ್ ಮೀಟರ್ ಈ ಅಂಕಿಯನ್ನು ಒಂದು ನಿಮಿಷದಲ್ಲಿ ಹೇಳುತ್ತದೆ. ಎಂಟಾಗಿ ಸೀಳುವ ಸ್ಪ್ಲಿಟರ್ ಒಂದೇ ಸುಮಾರು 10 ಡೆಸಿಬೆಲ್ ತಿನ್ನುವುದರಿಂದ ಬೀದಿಯಲ್ಲಿ ಸ್ಪ್ಲಿಟರಿನ ಮೇಲೆ ಸ್ಪ್ಲಿಟರ್ ಹಾಕುತ್ತ ಹೋದಂತೆ ಕೊನೆಯವರಿಗೆ ಉಳಿಯುವುದು ಕಡಿಮೆ.

ಮನೆಯೊಳಗೆ ನೋಡಬೇಕಾದದ್ದು ಬಾಗು. ಹೆಚ್ಚುವರಿ ಫೈಬರನ್ನು ಬೆರಳಿಗೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ಮೊಳೆಗೆ ಹಾಕುವುದು, ಬಾಗಿಲ ಸಂದಿಯಲ್ಲಿ ತೂರಿಸುವುದು ಕಂಡುಬರುವ ತಪ್ಪು. ಮಾಮೂಲಿ ಫೈಬರಿಗೆ ಸುಮಾರು 3 ಸೆಂ.ಮೀ. ತ್ರಿಜ್ಯಕ್ಕಿಂತ ಕಿರಿದಾದ ಬಾಗಿನಲ್ಲಿ ಬೆಳಕು ಸೋರಿಹೋಗುತ್ತದೆ. ಹಸಿರು ಪಿನ್ನಿನ ತುದಿ 8 ಡಿಗ್ರಿ ಓರೆಯಾಗಿ, ನೀಲಿ ಪಿನ್ನಿನದು ನೇರವಾಗಿ ಇರುತ್ತದೆ. ಒಂದಕ್ಕೊಂದು ಸೇರಿಸಿದರೆ ಕೂರುತ್ತವೆ, ಆದರೆ ನಷ್ಟ ಬಹಳ. ಪಿನ್ನಿನ ತುದಿಯನ್ನು ಬೆರಳಿಂದ ಮುಟ್ಟಬಾರದು, ಕಣ್ಣಿಟ್ಟು ನೋಡಬಾರದು. ಒಳಗಿರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಬೀದಿಯ ಹಲವು ಮನೆಗಳಿಗೆ ಒಟ್ಟಿಗೆ ಹೋಗಿ ಬರುತ್ತಿದ್ದರೆ, ಯಾರದೋ ಮನೆಯ ಕೆಟ್ಟ ಒಎನ್‌ಯು ತನ್ನ ಸರದಿ ಬಿಟ್ಟು ಸದಾ ಬೆಳಕು ಬೀರುತ್ತಿರುವ ಸಾಧ್ಯತೆಯೂ ಇದೆ. ಅದನ್ನು ಆಪರೇಟರ್ ಒಬ್ಬೊಬ್ಬರದೇ ಬಿಡಿಸಿ ಹುಡುಕಬೇಕು.

ದೀಪಗಳೆಲ್ಲ ಸರಿಯಿದ್ದೂ ಫೋನಿನಲ್ಲಿ ನೆಟ್ ಹೋಗುತ್ತಿದ್ದರೆ ತಪ್ಪು ವೈಫೈಯದಿರಬಹುದು. ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ಡಬ್ಬಿಗೆ ಸೇರಿಸಿ ಅರ್ಧ ದಿನ ನೋಡಿದರೆ ತೀರ್ಮಾನವಾಗುತ್ತದೆ. ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆಯಂಥ ಒತ್ತೊತ್ತು ಮನೆಗಳ ಕಡೆ ಅಕ್ಕಪಕ್ಕದ ವೈಫೈಗಳು ಒಂದಕ್ಕೊಂದು ಅಡ್ಡ ಬರುತ್ತವೆ; 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅದೇ ಕೋಣೆಯಲ್ಲಿ ಬಳಸುವ ಟಿವಿ, ಫೋನುಗಳನ್ನು 5 ಗಿಗಾಹರ್ಟ್ಸಿಗೆ ಹಾಕಬೇಕು. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಅದು ಎರಡನೇ ಕೋಣೆಗೆ ದಾಟದು. ಅಲ್ಲಿಗೆ ವೈರು ಎಳೆದು ಇನ್ನೊಂದು ರೌಟರ್ ಇಡುವುದೇ ದಾರಿ. ಸಂಜೆ ಏಳರಿಂದ ಹನ್ನೊಂದರವರೆಗೆ ಪೂರ್ತಿ ಹೋಗದೆ ಬರೀ ಎಳೆದಾಡಿದರೆ ಬೀದಿಯವರೆಲ್ಲ ಹಂಚಿಕೊಳ್ಳುವ ಸಾಲು ತುಂಬಿದೆ. ಡಬ್ಬಿ ಬದಲಿಸಿ ಪ್ರಯೋಜನವಿಲ್ಲ.

ಈ ಎಲ್ಲದರ ನಡುವೆ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚುವುದು ಮಾತ್ರ ಬೇಡ. ಆರಿಸಿ ಹಚ್ಚುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಆಪರೇಟರ್ ತುಂಬಿದ್ದ ಬಳಕೆದಾರ ಹೆಸರು, ಪಾಸ್‌ವರ್ಡ್, ಸಾಲಿನ ಹೊಂದಿಕೆಗಳೆಲ್ಲ ಅಳಿಸಿ, ಹೋಗಿ ಬಂದು ಮಾಡುತ್ತಿದ್ದ ನೆಟ್ ಬರುವುದೇ ನಿಲ್ಲುತ್ತದೆ.

ದೂರು ಕೊಡುವಾಗ ವಾಟ್ಸ್ಆ್ಯಪ್ ಸಂದೇಶಕ್ಕೆ ನಿಲ್ಲಿಸದೆ, ಬಿಲ್ಲಿನಲ್ಲಿ ಹೆಸರಿರುವ ಕಂಪನಿಯ ದೂರು ಕೇಂದ್ರಕ್ಕೂ ಕೊಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯಂತೆ ದೂರಿಗೆ ಡಾಕೆಟ್ ಸಂಖ್ಯೆ ಪಡೆಯಬಹುದು, ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ವಾರದ ಟಿಪ್ಪಣಿ, ಸ್ಥಿತಿಪುಟದ ಫೋಟೊ ಜೊತೆಗಿದ್ದರೆ ಹುಡುಗ ಏಣಿಯ ಜೊತೆ ಮೀಟರನ್ನೂ ತರುತ್ತಾನೆ. ಅಡಾಪ್ಟರ್, ಶಾಖ, ಪಿನ್ನು, ಸಾಲು ಎಲ್ಲ ನೋಡಿಯೂ ಕಡಿಯುವುದು ನಿಲ್ಲದಿದ್ದರೆ ಆಗ ಡಬ್ಬಿ ಬದಲಿಸಬೇಕು. ಅಂಗಡಿಯಿಂದ ಸ್ವಂತ ಡಬ್ಬಿ ತರುವುದಾದರೆ ಮೊದಲು ಆಪರೇಟರನ್ನು ಕೇಳಿ, ಅವರ ಸಾಲಿಗೆ ಹೊಂದುವ ಬಗೆಯದನ್ನೇ ಕೊಂಡು, ಅದರ ಅಡಿಯಲ್ಲಿ ಬರೆದಿರುವ ಮ್ಯಾಕ್ ಅಥವಾ ಸೀರಿಯಲ್ ಸಂಖ್ಯೆಯನ್ನು ಅವರ ಲೆಕ್ಕದಲ್ಲಿ ಬರೆಸಬೇಕು. ಅಲ್ಲಿಯವರೆಗೆ ಹೊಸ ಡಬ್ಬಿಗೂ ನೆಟ್ ಬರುವುದಿಲ್ಲ.