ಕತ್ತರಿಸಿ ತೆಗೆದ ಗಡ್ಡೆಗೂ ಕೆಲಸವಿದೆ

ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದು ಟ್ರಾಸ್ಟುಜುಮ್ಯಾಬ್ ಬಹು ಮುಖ್ಯವಾದ ಔಷಧಿ. ಅದರ ಹಿಂದೆ ಅಮೆರಿಕದ ಸ್ಯಾನ್ ಆಂಟೋನಿಯೋ ನಗರದ ಕೆಲವು ಫ್ರೀಜರುಗಳ ಕಥೆಯಿದೆ. ಅಲ್ಲಿನ ವೈದ್ಯ ವಿಲಿಯಂ ಮೆಕ್‌ಗೈರ್ ಅವರ ಲ್ಯಾಬಿಗೆ ಹಾರ್ಮೋನ್ ಪರೀಕ್ಷೆಗೆಂದು ಸ್ತನದ ಗಡ್ಡೆಯ ತುಣುಕುಗಳು ಬರುತ್ತಿದ್ದವು. ಪರೀಕ್ಷೆಯಾಗಿ ಉಳಿದದ್ದನ್ನು ಅವರು ಬಿಸಾಡಲಿಲ್ಲ. ತಣ್ಣಗೆ ಕಾಪಿಟ್ಟರು, ಆ ರೋಗಿಗಳ ಆರೋಗ್ಯ ಮುಂದೆ ಏನಾಯಿತೆಂಬುದನ್ನೂ ದಾಖಲಿಸಿದರು. ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲಾಮನ್ ಅವರೊಂದಿಗೆ ಸೇರಿ 189 ಗಡ್ಡೆಗಳನ್ನು ಪರಿಶೀಲಿಸಿದಾಗ, ಶೇ. 30ರಷ್ಟರಲ್ಲಿ ಹರ್-2 ಎಂಬ ಜೀನಿನ ಪ್ರತಿಗಳು ಮಿತಿಮೀರಿ ಹೆಚ್ಚಿದ್ದವು. ಅಂಥವರಲ್ಲೇ ಕಾಯಿಲೆ ಬೇಗ ಮರುಕಳಿಸುತ್ತಿತ್ತು. 1987ರಲ್ಲಿ ಈ ವಿಷಯ ಪ್ರಕಟವಾಯಿತು. 1998ರಲ್ಲಿ, ಆ ಜೀನಿನಿಂದಾಗುವ ಹರ್-2 ಪ್ರೋಟೀನನ್ನೇ ಗುರಿಯಾಗಿಸಿದ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ತುಣುಕು ಇದ್ದು ವಿವರ ಇಲ್ಲದಿದ್ದರೆ, ಅಥವಾ ವಿವರ ಇದ್ದು ತುಣುಕು ಕೆಟ್ಟಿದ್ದರೆ, ಈ ಸಂಬಂಧ ಕಾಣಿಸುತ್ತಲೇ ಇರಲಿಲ್ಲ.

ಗಡ್ಡೆಗೆ ರಕ್ತ ಹರಿಯುವುದು ನಿಂತ ಗಳಿಗೆಯಿಂದಲೇ ಜೀವಕೋಶಗಳೊಳಗೆ ಬದಲಾವಣೆ ಶುರುವಾಗುತ್ತದೆ. ಹಾಗಾಗಿ ಆಪರೇಷನ್ ಥಿಯೇಟರಿನಿಂದ ಪೆಥಾಲಜಿ ವಿಭಾಗಕ್ಕೆ ಮಾದರಿ ಬೇಗ ತಲುಪಬೇಕು, ಹೊರತೆಗೆದ ಸಮಯ ಬರೆದಿರಬೇಕು. ಅಲ್ಲಿ ಪೆಥಾಲಜಿಸ್ಟ್ ಗಡ್ಡೆಯನ್ನು ಅಳೆದು, ಅಂಚುಗಳಿಗೆ ಬಣ್ಣದ ಶಾಯಿ ಹಚ್ಚಿ, ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾರೆ. ಸ್ಲೈಡ್ ನೋಡುವಾಗ ಶಾಯಿ ಇರುವಲ್ಲಿಯವರೆಗೆ ಕ್ಯಾನ್ಸರ್ ಕೋಶ ಕಂಡರೆ ಗಡ್ಡೆ ಪೂರ್ತಿ ಬಂದಿಲ್ಲವೆಂಬ ಅನುಮಾನ. ರೋಗನಿರ್ಣಯಕ್ಕೆ ಬೇಕಾದಷ್ಟನ್ನು ತೆಗೆದಿಟ್ಟ ಮೇಲಷ್ಟೇ ಸಂಶೋಧನೆಗೆ ಪಾಲು. ಅದರಲ್ಲೂ ಸತ್ತ ಭಾಗ ಬಿಟ್ಟು, ಜೀವಂತ ಕೋಶಗಳಿರುವ ಜಾಗವನ್ನು ಹುಡುಕಿ ಆರಿಸಬೇಕು. ಈ ಆಯ್ಕೆಗೆ ಪಳಗಿದ ಕಣ್ಣೇ ಬೇಕು.

ಕಾಪಿಡುವ ದಾರಿ ಎರಡು. ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದ ಬ್ಲಾಕಿನಲ್ಲಿ ಕೂರಿಸಿದರೆ ಕೋಶಗಳ ಆಕಾರ ಹತ್ತಾರು ವರ್ಷ ಉಳಿಯುತ್ತದೆ. ಆದರೆ ಡಿಎನ್‌ಎ ತುಂಡಾಗುತ್ತದೆ. ಸ್ತನದ ಗಡ್ಡೆಯನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಿ, 6ರಿಂದ 72 ಗಂಟೆ ಇಡಬೇಕೆಂಬುದು ಮಾರ್ಗಸೂಚಿ. ಡಿಎನ್‌ಎ, ಆರ್‌ಎನ್‌ಎ ಕೆಡದಂತೆ ಬೇಕೆಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕ, ಇಲ್ಲವೇ ಮೈನಸ್ 80 ಡಿಗ್ರಿಯ ಫ್ರೀಜರ್. ಫ್ರೀಜರಿಗೆ ಹಗಲೂ ರಾತ್ರಿ ಕರೆಂಟು ಬೇಕು, ಕೈಕೊಟ್ಟರೆ ಎಚ್ಚರಿಸುವ ಅಲಾರಂ ಬೇಕು. ಸೀಸೆಯ ಮೇಲೆ ರೋಗಿಯ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ.

ಇಷ್ಟೆಲ್ಲ ಇದ್ದರೂ ರೋಗಿಯ ಒಪ್ಪಿಗೆ ಇಲ್ಲದಿದ್ದರೆ ಅದು ಅನ್ಯಾಯವೇ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯ ಕೋಶಗಳನ್ನು ಅವರನ್ನು ಕೇಳದೆಯೇ ತೆಗೆದುಕೊಳ್ಳಲಾಯಿತು. ಅದೇ ವರ್ಷ ಅವರು ತೀರಿಕೊಂಡರು. ಹೀಲಾ ಎಂಬ ಹೆಸರಿನಲ್ಲಿ ಆ ಕೋಶಗಳು ಜಗತ್ತಿನ ಲ್ಯಾಬುಗಳಿಗೆಲ್ಲ ಹಬ್ಬಿದವು, ಪೋಲಿಯೊ ಲಸಿಕೆಯ ಕೆಲಸಕ್ಕೂ ನೆರವಾದವು. ಮನೆಯವರಿಗೆ ಗೊತ್ತಾದದ್ದು ಎರಡು ದಶಕ ಕಳೆದ ಮೇಲೆ.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಇಂಥ ಮಾದರಿಗಳನ್ನು ಕಾಪಿಡುವ ಬಯೋಬ್ಯಾಂಕುಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಮುಂಬೈನ ಟಾಟಾ ಸ್ಮಾರಕ ಕೇಂದ್ರದಲ್ಲಿ ಗಡ್ಡೆಗಳ ಭಂಡಾರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ನಡೆಯುತ್ತಿದೆ. ಮದ್ರಾಸ್ ಐಐಟಿ 2025ರಲ್ಲಿ 480 ಸ್ತನ ಕ್ಯಾನ್ಸರ್ ಮಾದರಿಗಳ ಜೀನ್ ವಿವರವನ್ನು ಸಂಶೋಧಕರಿಗೆ ತೆರೆದಿಟ್ಟಿತು. ಜಗತ್ತಿನ ಕ್ಯಾನ್ಸರ್ ಜೀನ್ ಮಾಹಿತಿಯಲ್ಲಿ ಯುರೋಪ್ ಮೂಲದವರದ್ದೇ ಸಿಂಹಪಾಲು. ಆದ್ದರಿಂದ ನಮ್ಮವರ ಮಾದರಿಗಳು ಸೇರಬೇಕಾದ ಜರೂರು ದೊಡ್ಡದು.

ಶಸ್ತ್ರಚಿಕಿತ್ಸೆಗೆ ಮುನ್ನ ಸಹಿಗೆಂದು ಕೊಡುವ ಕಾಗದಗಳಲ್ಲಿ ಸಂಶೋಧನೆಯ ಒಪ್ಪಿಗೆ ಪತ್ರವಿದ್ದರೆ ಓದಿ. ಓದಲು ಬಾರದವರಿಗೆ ಮನೆಯವರು ಓದಿ ಹೇಳಲಿ. ಮಾದರಿ ಎಲ್ಲಿರುತ್ತದೆ, ಯಾರು ಬಳಸುತ್ತಾರೆ, ಹೆಸರು ಗುಟ್ಟಾಗಿರುತ್ತದೆಯೇ ಎಂದು ಕೇಳಿ. ಬೇಡ ಎಂದರೂ ಚಿಕಿತ್ಸೆಗೆ ತೊಂದರೆಯಾಗಕೂಡದೆಂಬುದು ನಿಯಮ. ಉತ್ತರ ಸರಿಯೆನಿಸಿದರೆ ಮಾತ್ರ ಒಪ್ಪಿಗೆ ಕೊಡಿ.