ನುಡಿಯೇ ಎಲ್ಲೆಯಾದ ಪ್ರಶಸ್ತಿ: ಹೆಬೆಲ್ ಪುರಸ್ಕಾರ ಮತ್ತು ಅಲೆಮಾನಿಕ್ ಪ್ರದೇಶ

ಜರ್ಮನಿಯ ನೈಋತ್ಯ ಮೂಲೆಯ ಫೆಲ್ಡ್‌ಬರ್ಗ್ ಬೆಟ್ಟದ ಬಳಿ ಹುಟ್ಟುವ ವೀಸೆ ಎಂಬ ಚಿಕ್ಕ ನದಿ ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ರೈನ್ ನದಿಯನ್ನು ಸೇರುತ್ತದೆ. ಅದರ ಕಣಿವೆಯ ಹೌಸನ್ ಎಂಬ ಹಳ್ಳಿಯಲ್ಲಿ ಪ್ರತಿವರ್ಷ ಮೇ 10ರ ಆಸುಪಾಸಿನಲ್ಲಿ ಕವಿ ಯೊಹಾನ್ ಪೇಟರ್ ಹೆಬೆಲ್‌ನ ಜನ್ಮದಿನದ ಉತ್ಸವ ನಡೆಯುತ್ತದೆ. ಊರಿನ ಹಿರಿಯ ಮುದುಕರಿಗೆ ಅಂದು ಊಟವಿಕ್ಕುವುದು ವಾಡಿಕೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು ಕವಿಯ ಹೆಸರಿನಲ್ಲಿ ಕೊಡುವ ಸಾಹಿತ್ಯ ಪ್ರಶಸ್ತಿಯ ಪ್ರದಾನವೂ ಈ ಹಳ್ಳಿಯಲ್ಲಿಯೇ. ಈಗ ಎರಡು ವರ್ಷಕ್ಕೊಮ್ಮೆ ಕೊಡುವ ಈ ಪುರಸ್ಕಾರದ ಮೊತ್ತ 10,000 ಯೂರೊ. ಜರ್ಮನಿಯ ಗೇಯೊರ್ಗ್ ಬ್ಯೂಷ್ನರ್ ಪ್ರಶಸ್ತಿಯ 50,000 ಯೂರೊಗಳೆದುರು ಇದು ಅಲ್ಪ. ಈ ಪ್ರಶಸ್ತಿಯ ಮಹತ್ವವಿರುವುದು ಅದರ ಅರ್ಹತೆಯ ನಿಯಮದಲ್ಲಿ. ಸಾಹಿತಿ, ಅನುವಾದಕ, ಪ್ರಬಂಧಕಾರ, ಮಾಧ್ಯಮದವರು, ವಿದ್ವಾಂಸ, ಯಾರಾದರೂ ಆಗಬಹುದು. ಅವರ ಬರವಣಿಗೆ ನುಡಿಯಿಂದಲೋ ಮನೋಧರ್ಮದಿಂದಲೋ ಅಲೆಮಾನಿಕ್ ಪ್ರದೇಶದೊಡನೆ ಅಥವಾ ಹೆಬೆಲ್‌ನೊಡನೆ ಸಂಬಂಧ ಹೊಂದಿರಬೇಕು. ಯಾವ ದೇಶದ ಪ್ರಜೆ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ.

ಅಲೆಮಾನಿಕ್ ಎಂಬುದು ಜರ್ಮನ್ ಉಪಭಾಷೆಗಳ ಒಂದು ಗುಂಪು. ಬಾಡೆನ್ನಿನ ದಕ್ಷಿಣ ಭಾಗ, ಫ್ರಾನ್ಸಿನ ಆಲ್ಸಾಸ್, ಜರ್ಮನ್ ನುಡಿಯುವ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದ ಫೋರಾರ್ಲ್‌ಬರ್ಗ್, ಲೀಖ್ಟೆನ್‌ಸ್ಟೈನ್ ಇವೆಲ್ಲವನ್ನೂ ಅದು ಒಳಗೊಳ್ಳುತ್ತದೆ. ಆದರೆ ಎಲ್ಲೆಡೆಯೂ ಅದರ ಸ್ಥಿತಿ ಒಂದೇ ಅಲ್ಲ. ಬಾಡೆನ್ನಿನಲ್ಲಿ ಅದು ಶಿಷ್ಟ ಜರ್ಮನ್ನಿನ ನೆರಳಿನಲ್ಲಿರುವ ಮನೆಮಾತು. ಸ್ವಿಟ್ಜರ್ಲೆಂಡಿನಲ್ಲಿ ಸುಶಿಕ್ಷಿತರೂ ಸಂಕೋಚವಿಲ್ಲದೆ ಆಡುವ ನಿತ್ಯದ ನುಡಿ. ಆಲ್ಸಾಸಿನಲ್ಲಿ ಶಾಲೆ, ಕಚೇರಿಗಳನ್ನು ಆಳುವ ಫ್ರೆಂಚಿನೆದುರು ಹಿಂದೆ ಸರಿಯುತ್ತಿರುವ ಮಾತು. ಕಾಸರಗೋಡಿನ ಪರಿಸ್ಥಿತಿಗೆ ಹೋಲಿಕೆಯಿದ್ದರೆ ಅದು ಈ ಮೂರನೆಯದಕ್ಕೆ ಮಾತ್ರ.

ಹೆಬೆಲ್ ಹುಟ್ಟಿದ್ದೇ ಗಡಿಯಾಚೆ, 1760ರಲ್ಲಿ, ಬಾಸೆಲ್‌ನಲ್ಲಿ. ತಂದೆತಾಯಿ ಅಲ್ಲಿನ ಶ್ರೀಮಂತ ಮನೆತನವೊಂದರ ಸೇವೆಯಲ್ಲಿದ್ದರು. ತಾಯಿ ಹೌಸನ್ನಿನವಳು. ಮಗು ಹುಟ್ಟಿದ ಮರುವರ್ಷವೇ ತಂದೆ ತೀರಿಕೊಂಡ. 1773ರಲ್ಲಿ, ಹದಿಮೂರರ ಹುಡುಗನ ಕಣ್ಣೆದುರಿಗೇ, ಬಾಸೆಲ್‌ನಿಂದ ಊರಿಗೆ ಮರಳುವ ಎತ್ತಿನ ಗಾಡಿಯಲ್ಲಿ ತಾಯಿ ಪ್ರಾಣಬಿಟ್ಟಳು. ಮುಂದೆ ಕಾರ್ಲ್ಸ್‌ರೂಹೆಯಲ್ಲಿ ಅಧ್ಯಾಪಕನಾಗಿ, ಬಾಡೆನ್ನಿನ ಲೂಥರನ್ ಚರ್ಚಿನ ಉನ್ನತ ಪದವಿಗೇರಿದ ಹೆಬೆಲ್ ಬಾಲ್ಯದ ಕಣಿವೆಯಿಂದ ದೂರವಿದ್ದುಕೊಂಡೇ 1803ರಲ್ಲಿ 'ಅಲೆಮಾನಿಕ್ ಕವಿತೆಗಳು' ಸಂಕಲನವನ್ನು ಪ್ರಕಟಿಸಿದ. ಅದಕ್ಕೆ 1805ರಲ್ಲಿ ಗಯಟೆಯ ಮೆಚ್ಚುಗೆಯ ವಿಮರ್ಶೆ ದೊರೆಯಿತು. ಆದರೆ ಆತನಿಗೆ ವ್ಯಾಪಕ ಕೀರ್ತಿ ತಂದ ಪಂಚಾಂಗದ ಕತೆಗಳು, ಅಂದರೆ 1811ರಲ್ಲಿ ಗ್ರಂಥರೂಪಕ್ಕೆ ಬಂದ 'ಷಾಟ್ಸ್‌ಕೆಸ್ಟ್‌ಲೈನ್', ಶಿಷ್ಟ ಜರ್ಮನ್ನಿನಲ್ಲಿವೆ. ಅವುಗಳ ಲೋಕವೂ ಕಣಿವೆಯಷ್ಟಕ್ಕೆ ಸೀಮಿತವಲ್ಲ: ಒಂದು ಕತೆ ಸ್ವೀಡನ್ನಿನ ಗಣಿಯಲ್ಲಿ ನಡೆದರೆ ಇನ್ನೊಂದರಲ್ಲಿ ಡಚ್ ಬಾರದ ಜರ್ಮನ್ ಕುಶಲಕರ್ಮಿಯೊಬ್ಬ ಆಮ್‌ಸ್ಟರ್‌ಡಾಮ್‌ನಲ್ಲಿ 'ನನಗೆ ಅರ್ಥವಾಗದು' ಎಂಬ ಉತ್ತರವನ್ನೇ ಒಬ್ಬ ಸಿರಿವಂತನ ಹೆಸರೆಂದು ಭಾವಿಸಿ ಮರುಗುತ್ತಾನೆ. ಹೀಗಾಗಿ ಈ ಪ್ರಶಸ್ತಿಗೆ ಉಪಭಾಷೆಯಲ್ಲಿಯೇ ಬರೆದಿರಬೇಕೆಂಬ ಕಟ್ಟಳೆ ಹಾಕುವುದು ಹೆಬೆಲ್‌ಗೇ ಅನ್ಯಾಯವಾಗುತ್ತಿತ್ತು.

ಈ ಉದಾರ ಚೌಕಟ್ಟಿಗೆ ಕರಾಳ ಮುಖವೂ ಇದೆ. ಪ್ರಶಸ್ತಿ ಸ್ಥಾಪನೆಯಾದದ್ದು 1936ರಲ್ಲಿ, ನಾತ್ಸಿ ಆಡಳಿತದಲ್ಲಿ. ಮೊದಲು ಅದನ್ನು ಪಡೆದ ಹೆರ್ಮನ್ ಬೂರ್ಟೆ ವೀಸೆ ಕಣಿವೆಯವರೇ. ಅಲೆಮಾನಿಕ್ ಕವಿತೆಗಳನ್ನು ಬರೆದವರು, ನಾತ್ಸಿ ಪಕ್ಷದ ಬೆಂಬಲಿಗರು. ಮರುವರ್ಷ ಅದು ಸ್ವಿಸ್ ಲೇಖಕ ಆಲ್ಫ್ರೆಡ್ ಹುಗೆನ್‌ಬರ್ಗರ್ ಅವರಿಗೆ ಸಂದಿತು. ಗಡಿ ದಾಟಿದ ನುಡಿಬಂಧುತ್ವವನ್ನು ಗಡಿಯನ್ನೇ ಅಳಿಸುವ ವಾದವಾಗಿ ಮಾರ್ಪಡಿಸಲು ಆ ಕಾಲದ ರಾಜಕೀಯಕ್ಕೆ ಹೆಚ್ಚು ಶ್ರಮ ಬೇಕಿರಲಿಲ್ಲ. 1940ರಲ್ಲಿ ಜರ್ಮನಿ ಆಲ್ಸಾಸನ್ನು ತನ್ನ ಆಡಳಿತದೊಳಕ್ಕೆ ಎಳೆದುಕೊಂಡಿತು, ಅಲ್ಲಿ ಫ್ರೆಂಚನ್ನು ನಿಷೇಧಿಸಿತು. ನೆರೆರಾಜ್ಯದ ನುಡಿಬಂಧುಗಳನ್ನು ಗೌರವಿಸುವ ಯಾವ ಯೋಜನೆಯನ್ನಾದರೂ ಪರಿಶೀಲಿಸುವಾಗ ಈ ಪ್ರಸಂಗವನ್ನು ಮರೆಯುವಂತಿಲ್ಲ.

ಯುದ್ಧದ ನಂತರ ಹೆಸರು ಉಳಿಯಿತು, ಅರ್ಥ ಬದಲಾಯಿತು. 1951ರಲ್ಲಿ ಆಲ್ಸಾಸಿನ ಆಲ್ಬರ್ಟ್ ಷ್ವೈಟ್ಸರ್, 1980ರಲ್ಲಿ ಎಲಿಯಾಸ್ ಕನೆಟಿ. ಬಲ್ಗೇರಿಯಾದಲ್ಲಿ ಹುಟ್ಟಿ, ಮನೆಯಲ್ಲಿ ಲದೀನೊ ಆಡುತ್ತ ಬೆಳೆದು, ತಾಯಿಯಿಂದ ಜರ್ಮನ್ ಕಲಿತ ಕನೆಟಿ ಅಲೆಮಾನಿಕ್ ಕವಿಯಲ್ಲ. ಹೆಬೆಲ್‌ನ ಗದ್ಯಕ್ಕೆ ತಾವು ಋಣಿಯೆಂಬುದನ್ನು ಆತ್ಮಕಥನದಲ್ಲಿ ದಾಖಲಿಸಿದವರು. 'ಅಥವಾ ಹೆಬೆಲ್‌ನೊಡನೆ' ಎಂಬ ಮಾತಿನಿಂದ ತೆರೆದ ಬಾಗಿಲದು. 1996ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿ ಫೋರಾರ್ಲ್‌ಬರ್ಗ್‌ನಲ್ಲಿ ನೆಲೆಸಿದ ಕವಿ ಕುಂದೈತ್ ಷುರ್ದುಮ್ ಅವರನ್ನು ಗೌರವಿಸಿದಾಗ ನುಡಿಪ್ರದೇಶವು ರಕ್ತದ ಲೆಕ್ಕವಲ್ಲವೆಂಬುದು ಸ್ಪಷ್ಟವಾಯಿತು.

ಪ್ರಶಸ್ತಿಯ ಪಟ್ಟಿಯೊಳಗಿನ ನಿಜವಾದ ವಾಗ್ವಾದ ಮಾತ್ರ 1960ರ ದಶಕದ್ದು. 1960ರಲ್ಲಿ ಪುರಸ್ಕೃತರಾದವರು ಮಾರ್ಟಿನ್ ಹೈಡೆಗರ್. 1957ರಲ್ಲಿಯೇ ಅವರು ಹೆಬೆಲ್‌ನನ್ನು ಮನೆಯ ಗೆಳೆಯನೆಂದು ಕರೆದು, ಲೋಕವೆಂಬ ಮನೆಯಲ್ಲಿ ಮನುಷ್ಯನ ನೆಲೆಸುವಿಕೆಗೆ ಮಾತು ಕೊಡುವ ಕವಿಯಾಗಿ ವ್ಯಾಖ್ಯಾನಿಸಿದ್ದರು. 1963ರಲ್ಲಿ ಅದೇ ಪ್ರಶಸ್ತಿ ಆಲ್ಸಾಸಿನ ವಿದ್ವಾಂಸ, ಪ್ಯಾರಿಸಿನ ಕೊಲೆಜ್ ದ ಫ್ರಾನ್ಸಿನ ಪ್ರಾಧ್ಯಾಪಕ ರೊಬೇರ್ ಮಿಂಡರ್ ಅವರಿಗೆ ಸಂದಿತು. 1966ರ ಪ್ರಬಂಧದಲ್ಲಿ ಮಿಂಡರ್ ಹೈಡೆಗರರ ಓದನ್ನೇ ವಿಚಾರಣೆಗೊಳಪಡಿಸಿದರು. ನೆಲ, ಬೇರು, ತವರುಗಳ ಆ ಪರಿಭಾಷೆ ನಾತ್ಸಿ ಕಾಲದ ಗ್ರಾಮೀಣ ಸಾಹಿತ್ಯದ ಪದಕೋಶಕ್ಕೆ ಎಷ್ಟು ಹತ್ತಿರವಿದೆಯೆಂದು ತೋರಿಸಿ, ಅದರಡಿ ಮರೆಯಾದ ಜ್ಞಾನೋದಯ ಯುಗದ ನಾಗರಿಕ ಹೆಬೆಲ್‌ನನ್ನು ಮುಂದೆ ತಂದರು. ತವರುನುಡಿಯ ಪ್ರೀತಿಯನ್ನು ಫ್ರೆಂಚ್ ಪ್ರಜೆಯಾದ ವಿದ್ವಾಂಸರೊಬ್ಬರು ಜರ್ಮನ್ ದಾರ್ಶನಿಕನ ಕೈಯಿಂದ ಬಿಡಿಸಿಕೊಂಡ ಪ್ರಸಂಗವಿದು. ವಿದ್ವಾಂಸರಿಗೂ ಸಲ್ಲುವ ಪ್ರಶಸ್ತಿಯೆಂಬುದರ ಸಾರ್ಥಕತೆ ಇಷ್ಟು ನೇರವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

1984ರ ಪುರಸ್ಕೃತ ಕ್ಲೋದ್ ವಿಜೆ ಆಲ್ಸಾಸಿನ ಬಿಷ್‌ವಿಲ್ಲರ್ ಪಟ್ಟಣದ ಯಹೂದಿ ಕವಿ. ಯುದ್ಧಕಾಲದಲ್ಲಿ ತವರನ್ನು ಕಳೆದುಕೊಂಡು ಅಮೆರಿಕಕ್ಕೂ ಬಳಿಕ ಜೆರುಸಲೇಮಿಗೂ ಹೋದವರು, ಫ್ರೆಂಚಿನಲ್ಲಿ ಬರೆದು ಹೆಸರಾದವರು. ಅವರ ಮನೆಮಾತು, ಅವರನ್ನು ಓಡಿಸಿದವರ ಭಾಷೆಯ ಹತ್ತಿರದ ಬಂಧು. ಆ ಮಾತಿನಲ್ಲಿಯೇ, ಅದೇ 1980ರ ದಶಕದಲ್ಲಿ, ಅವರು ದೀರ್ಘಕವಿತೆಯೊಂದನ್ನು ಬರೆದರು. ಅದರ ಶೀರ್ಷಿಕೆಯಲ್ಲಿರುವುದು ಗಾಳಿಗೆ ಉರಿಯುವ ಕರಿಯ ತುರಚಿ ಗಿಡಗಳು.