ನಿಮಗಿದು ಗೊತ್ತೆ? ವಕೀಲರಿಲ್ಲದೆ ವಾದಿಸುವವ ಮೂರ್ಖನಲ್ಲ!

'ತನ್ನ ಮೊಕದ್ದಮೆಗೆ ತಾನೇ ವಕೀಲನಾದವನಿಗೆ ಸಿಗುವ ಕಕ್ಷಿದಾರ ಮೂರ್ಖ' ಎಂಬುದು ಇಂಗ್ಲಿಷರ ಗಾದೆ. ಆದರೆ ನಮ್ಮಲ್ಲಿ ವಿಚ್ಛೇದನ, ಜೀವನಾಂಶದ ವ್ಯಾಜ್ಯ ನಡೆಸುವ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ! 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಲ್ಲೇ ಹೀಗಿದೆ. ಅಲ್ಲಿ ಗೆಲುವಿಗಿಂತ ರಾಜಿ ಮುಖ್ಯ. ಗಂಡ–ಹೆಂಡತಿ ನೇರವಾಗಿ ಮಾತಾಡಿದರೆ ಜಗಳ ಬೇಗ ತಣ್ಣಗಾದೀತು.

ಕಾನೂನು ತಿಳಿಯದವರು ಸೋತುಹೋಗುವುದಿಲ್ಲವೇ ಎಂದು ಕೇಳಬಹುದು. ಆಕ್ಷೇಪ ನ್ಯಾಯವೇ. ಅದಕ್ಕೆಂದೇ ಅದೇ ಕಲಂ, ಅಗತ್ಯ ಕಂಡರೆ ಕಾನೂನು ತಜ್ಞರನ್ನು ನ್ಯಾಯಮಿತ್ರರಾಗಿ ಕರೆಯುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಅನುಮತಿ ಪಡೆದು ವಕೀಲರೂ ಹಾಜರಾಗುವುದುಂಟು. ಕ್ರಿಮಿನಲ್ ಪ್ರಕರಣದ ಮಾತೇ ಬೇರೆ. ಅಲ್ಲಿ ಜೈಲಿನ ಭಯವಿದೆ. ಹಾಗಾಗಿ ಬಂಧಿತರಿಗೆ ತಮ್ಮ ಆಯ್ಕೆಯ ವಕೀಲರ ನೆರವು ಸಂವಿಧಾನದ 22ನೇ ವಿಧಿಯೇ ಕೊಟ್ಟ ಹಕ್ಕು. ಅಂದರೆ ಗಾದೆ ಕಟಕಟೆಗೆ ಒಪ್ಪುತ್ತದೆ, ಸಂಸಾರದ ಜಗಳಕ್ಕೆ ಪೂರ್ತಿ ಒಪ್ಪದು. ಫೀಸಿಗೆ ದುಡ್ಡಿಲ್ಲದವರು ಅನಿವಾರ್ಯವಾಗಿ 'ಮೂರ್ಖ'ರಾಗಬೇಕೇ? ಅದೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯವರಿರಲಿ, ಸಿರುಗುಪ್ಪ, ಕುರುಗೋಡಿನವರಿರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಸಹಾಯವಾಣಿ ಸಂಖ್ಯೆ 15100.